ಪ್ರೀ-ವೆಡ್ಡಿಂಗ್ ಶೂಟ್ ಬೇಡ ಅಂತ ಗಂಡಿನ ಮನೆಯವರಿಗೆ ಹೇಗೆ ಹೇಳಲಿ?

ತಿಪಟೂರು ಹುಡುಗಿ:
ಫೆಬ್ರವರಿಯಲ್ಲಿ ನನ್ನ ಮದುವೆ. ಹುಡುಗ ಒಳ್ಳೆಯವನು. ಆದರೆ ನಾದಿನಿ ಆಗುವವಳು ದಿನಾ ರೀಲ್ಸ್ ಕಳಿಸುತ್ತಾಳೆ, ಗೋವಾ ಬೀಚು, ಉದ್ದ ಗೌನು, ಡ್ರೋನು, ಆಮೇಲೆ "ಅತ್ತಿಗೆ, ನಮ್ಮದು ಇದಕ್ಕಿಂತ ಜೋರಾಗಿರಬೇಕು" ಅಂತ ವಾಯ್ಸ್ ಮೆಸೇಜ್. ಶೂಟ್, ಬಟ್ಟೆ, ಸ್ಟೇಜ್ ಎಲ್ಲ ಸೇರಿ 3 ಲಕ್ಷ ಆಗುತ್ತದೆ. ನಮಗಿರುವುದು ಎರಡು ಎಕರೆ ತೆಂಗು. ಅಮ್ಮನ ಸರ ಅಡ ಇಡೋಣ ಅಂತ ಅಪ್ಪ ಹೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನೇ ಪರ್ಸನಲ್ ಲೋನ್ ತಗೊಳ್ಳಲಾ?

ಲೆಕ್ಕದ ಪುಸ್ತಕ:
ಬೇಡ. 3 ಲಕ್ಷಕ್ಕೆ ವರ್ಷಕ್ಕೆ 14% ಬಡ್ಡಿ ಅಂದುಕೊಂಡರೆ, ಮೂರು ವರ್ಷ ತಿಂಗಳಿಗೆ ಸುಮಾರು 10,250 ರೂಪಾಯಿ ಕಂತು. ಬಡ್ಡಿಯೇ 69,000 ಆಗುತ್ತದೆ. ರೀಲ್ಸ್ ಅನ್ನು ಜನ ನೋಡುವುದು ಒಂದು ದಿನ.

ಹಾಸನದ ಕ್ಯಾಮೆರಾ:
ಹನ್ನೊಂದು ವರ್ಷದಿಂದ ಮದುವೆ ಫೋಟೋ ತೆಗೆಯುತ್ತಿದ್ದೇನೆ. ನೀವು ನೋಡುವ ಗೌನು ಬಾಡಿಗೆಯದು, ಕಾರು ಗಂಟೆ ಲೆಕ್ಕದ್ದು. ಒಂದೇ ಗೌನಿನಲ್ಲಿ ಐದಾರು ಮದುಮಕ್ಕಳನ್ನು ಶೂಟ್ ಮಾಡಿದ್ದೇನೆ. ಒಂದು ಮನೆಯವರು ಮದುವೆಯಾಗಿ ಎಂಟು ತಿಂಗಳಾದರೂ ಆಲ್ಬಮ್ ತಗೊಂಡು ಹೋಗಿರಲಿಲ್ಲ, ಕೊನೆಗೆ ಹುಡುಗಿಯ ಅಪ್ಪ ಬಂದು "ಬಾಕಿ ಸ್ವಲ್ಪ ಸ್ವಲ್ಪವಾಗಿ ಕೊಡ್ತೀನಿ ಸ್ವಾಮಿ" ಅಂದಾಗ ನನಗೇ ಸಂಕಟವಾಯಿತು. ನಿಮ್ಮ ತೋಟದಲ್ಲೇ, ಬೆಳಗ್ಗೆ ಏಳು ಗಂಟೆಗೆ ಗರಿಗಳ ಮಧ್ಯೆ ಓರೆ ಬಿಸಿಲು ಬೀಳುತ್ತದಲ್ಲ, ಆಗ ಅಮ್ಮನ ರೇಷ್ಮೆ ಸೀರೆ ಉಟ್ಟು ನಾಲ್ಕು ಫೋಟೋ ತೆಗೆಸಿಕೊಳ್ಳಿ. ತುಂಬಾ ಚೆನ್ನಾಗಿ ಬರುತ್ತದೆ.

ತೀರ್ಥಹಳ್ಳಿಯವಳು:
ನಾವು ಮಂತ್ರ ಮಾಂಗಲ್ಯ ಆದವರು. ಕುವೆಂಪು ಅವರು 1966ರಲ್ಲಿ ಮಗ ತೇಜಸ್ವಿಯವರಿಗೆ ಮಾಡಿಸಿದ ಹಾಗೆಯೇ, ವರದಕ್ಷಿಣೆ ಇಲ್ಲ, ಆಡಂಬರ ಇಲ್ಲ. ನೆಂಟರು ಎರಡು ತಿಂಗಳು ಮಾತಾಡಿಕೊಂಡು ಸುಮ್ಮನಾದರು. ನೀವು ಅಷ್ಟು ದೂರ ಹೋಗಲೇಬೇಕು ಅಂತಿಲ್ಲ ತಂಗಿ. ಆದರೆ ನಾದಿನಿಗೆ ಹೇಳುವ ಮುಂಚೆ ಹುಡುಗನಿಗೆ ಹೇಳಿ, ಸರ ಅಡ ಇಡುವ ಮಾತನ್ನೂ ಮುಚ್ಚಿಡಬೇಡಿ. ಅವಳ ಸ್ಟೋರಿಗಳನ್ನು ಸದ್ಯಕ್ಕೆ ಮ್ಯೂಟ್ ಮಾಡಿ, ಅವಳಿಗೆ ಗೊತ್ತಾಗುವುದಿಲ್ಲ.

ತಿಪಟೂರು ಹುಡುಗಿ:
ನಿನ್ನೆ ರಾತ್ರಿ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೂ ಬೇಡವಾಗಿತ್ತು, ನಿನಗೆ ಆಸೆ ಇದೆ ಅಂದುಕೊಂಡಿದ್ದೆ" ಅಂದ. ತಂಗಿಗೆ ಅವನೇ ಹೇಳುತ್ತಾನಂತೆ. ಹಾಸನದ ಅಣ್ಣ, ಒಂದು ಭಾನುವಾರ ನಮ್ಮ ತೋಟಕ್ಕೆ ಬರೋಕೆ ಆಗುತ್ತಾ? ಎಷ್ಟಾಗುತ್ತೆ ಹೇಳಿ.