ಅಂಜದೀವ್ ದ್ವೀಪದಲ್ಲಿ ನಿಜವಾಗಿಯೂ ಊರು ಇತ್ತಾ?

ಬಿಣಗಾ ಮೊಮ್ಮಗಳು:
ನಾನು ಬೆಳೆದದ್ದು ಬೆಂಗಳೂರು. ಅಜ್ಜಿ ಮನೆ ಕಾರವಾರ ಹತ್ತಿರದ ಬಿಣಗಾ. "ನಮ್ಮ ಹಿರಿಯರು ಅಂಜದೀವಿನಿಂದ ಬಂದವರು, ಅಲ್ಲಿ ಸಮುದ್ರದ ನಡುವೆ ಸಿಹಿನೀರು ಹುಟ್ಟುತ್ತಿತ್ತು" ಅಂತ ಅಜ್ಜಿ ಹೇಳುತ್ತಿದ್ದರು. ಕಥೆ ಅಂದುಕೊಂಡು ಏನೂ ಕೇಳಲಿಲ್ಲ. ಈಗ ಅವರಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ಕಡಲ ದಂಡೆ:
ತಂಗೀ, ಅದು ಕಥೆ ಅಲ್ಲ. ಆ ನೀರು ನಾನೇ ಕುಡಿದಿದ್ದೇನೆ. ಫೆಬ್ರವರಿ 2ರ ಫೆಸ್ತಿಗೆ, ಅಂದರೆ ಚರ್ಚ್ ಹಬ್ಬಕ್ಕೆ, ಅಪ್ಪ ದೋಣಿಯಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಇಳಿಯುವಾಗ ಮೊಣಕಾಲವರೆಗೆ ಉಪ್ಪುನೀರು. ಮೇಲೆ ಹತ್ತಿದರೆ ಒಬ್ಬ ಅಜ್ಜಿ ತಾಮ್ರದ ಚೊಂಬಿನಲ್ಲಿ ತಣ್ಣನೆ ನೀರು ಕೊಡುತ್ತಿದ್ದರು. ಅಲ್ಲಿನ ಇಗರ್ಜಿಯ (ಚರ್ಚಿನ) ಹೆಸರೇ ಬ್ರೋತಾಸ್ ಮಾತೆ, ಅಂದರೆ ಒರತೆಗಳ ಮಾತೆ.

ಜನ ಅಲ್ಲಿಗೆ ಬಂದದ್ದೇ ಆ ನೀರಿಗಾಗಿ. 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿ ಹಡಗು ನಿಲ್ಲಿಸಿ ನೀರು ತುಂಬಿಸಿಕೊಂಡ. 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡಾ ಕೋಟೆ ಕಟ್ಟಿಸಿದ, ಮರುವರ್ಷವೇ ಕೆಡವಿದರು. ಆಮೇಲೆ ಇಂಗ್ಲಿಷರಿಗೆ ಕೊಡಬೇಕಿದ್ದ ಮುಂಬಯಿ ಬಿಟ್ಟುಕೊಡಲು ಪೋರ್ಚುಗೀಸರು ಒಪ್ಪದೆ, ಶಿಪ್‌ಮನ್ ಎಂಬ ಇಂಗ್ಲಿಷ್ ಅಧಿಕಾರಿ ತನ್ನ ಸಿಪಾಯಿಗಳ ಜೊತೆ ಅಲ್ಲೇ ಕಾದ. ಕಾಯಿಲೆ ಬಿದ್ದು ಹೆಚ್ಚಿನವರು ಸತ್ತರು. 1664ರಲ್ಲಿ ಅವನೂ ಹೋದ. ಆ ಗೋರಿಗಳ ಕಡೆ ಹೋಗಬೇಡ ಅಂತ ಅಪ್ಪ ನಮ್ಮನ್ನು ಗದರುತ್ತಿದ್ದರು.

ಊರು ಅಂತ ಗಟ್ಟಿಯಾದದ್ದು 1682ರಲ್ಲಿ ಪೋರ್ಚುಗೀಸರು ಮತ್ತೆ ಕೋಟೆ ಕಟ್ಟಿದ ಮೇಲೆ. ಟಿಪ್ಪು ಕಾಲದಲ್ಲಿ ಈ ಕಡೆಯ ದಡದಿಂದ ಹೆದರಿ ಓಡಿದ ಕ್ರೈಸ್ತರೂ ಹಿಂದೂಗಳೂ ಅಲ್ಲಿ ಆಶ್ರಯ ಪಡೆದರು. ಹಾಗಾಗಿ ನಿಮ್ಮ ಹಿರಿಯರು ದ್ವೀಪದಿಂದ ಬಂದವರು ಮಾತ್ರ ಅಲ್ಲ, ಮೊದಲು ಇಲ್ಲಿಂದಲೇ ಅಲ್ಲಿಗೆ ಹೋದವರೂ ಆಗಿರಬಹುದು, ಅಲ್ವಾ?

ದೋಣಿ ಸಾಲು:
ಒಂದು ಮಾತು ಸೇರಿಸುತ್ತೇನೆ. ದ್ವೀಪ ನಮ್ಮ ಕಣ್ಣೆದುರೇ ಇದ್ದರೂ ಲೆಕ್ಕಕ್ಕೆ ಗೋವಾದ ಕಾಣಕೋಣ ತಾಲೂಕಿಗೆ ಸೇರಿದ್ದು. 1961ರ ಡಿಸೆಂಬರ್ 18ರಂದು ಅದನ್ನು ಪೋರ್ಚುಗೀಸರಿಂದ ಬಿಡಿಸಲು ಹೋದ ನಮ್ಮ 7 ನಾವಿಕರು ಪ್ರಾಣ ಕೊಟ್ಟರು. ಈಗ ಅದು ನೌಕಾನೆಲೆಯ ಒಳಗಿದೆ, ಅಲೆ ತಡೆಯುವ ಗೋಡೆ ಹಾಕಿ ದಡಕ್ಕೆ ಸೇರಿಸಿದ್ದಾರೆ. ಸುಮ್ನೆ ಹೋಗಿ ನೋಡಲು ಬಿಡುವುದಿಲ್ಲ. ದಾಖಲೆ ಬೇಕಿದ್ದರೆ ಕಾರವಾರದಲ್ಲಿ ಹುಡುಕಬೇಡಿ, ಪಣಜಿಯ ಪುರಾಭಿಲೇಖ ಕಚೇರಿಯಲ್ಲಿ ಕೇಳಿ.

ಕಡಲ ದಂಡೆ:
ಸರಿಯಾಗಿ ಹೇಳಿದಿರಿ. ತಂಗೀ, ಅಜ್ಜಿಯ ಮನೆತನದ ಹೆಸರು ಗೋವಾದಲ್ಲಿ ಹೇಗೆ ಬರೆಯುತ್ತಾರೆ ಅಂತ ಮೊದಲು ತಿಳಿದುಕೊಳ್ಳಿ. ಇಲ್ಲಿಯ ಕಾಗುಣಿತವೇ ಬೇರೆ. ಅದರಿಂದಲೇ ನನಗೆ ನಮ್ಮ ಮುತ್ತಜ್ಜನ ಹೆಸರು ಸಿಗಲು ತುಂಬಾ ದಿನ ಹಿಡಿಯಿತು.

ಬಿಣಗಾ ಮೊಮ್ಮಗಳು:
ಓದಿ ಕಣ್ಣು ತುಂಬಿತು ಅಣ್ಣಾ. ಅಜ್ಜಿಯ ಪೆಟ್ಟಿಗೆಯ ತಳದಲ್ಲಿ ಪೋರ್ಚುಗೀಸಿನ ಒಂದು ಹಳದಿ ಹಾಳೆ ಇದೆ. ಮಡಿಕೆ ಹರಿದಿದೆ, ಶಾಯಿ ಮಾಸಿದೆ. ನಾಳೆ ಬಿಸಿಲಲ್ಲಿ ಫೋಟೊ ತೆಗೆದು ಹಾಕುತ್ತೇನೆ. ಓದಬಲ್ಲವರು ಯಾರಾದರೂ ಇದ್ದೀರಾ?