ಅಪ್ಪ ಹಕ್ಕು ಬಿಟ್ಟುಕೊಟ್ಟರೆ ಮಗಳ ಜೀವನಾಂಶ ಹೋಗುತ್ತದಾ?

ಹಾಸನದವಳು:
ಮ್ಯೂಚುವಲ್ ಡೈವೋರ್ಸ್‌ಗೆ ಮಾತುಕತೆ ನಡೆಯುತ್ತಿದೆ. ಮಗಳಿಗೆ 6 ವರ್ಷ, ನನ್ನ ಹತ್ತಿರವೇ ಇದ್ದಾಳೆ. ಈಗ ಗಂಡನ ಕಡೆಯವರು ಹೊಸ ರಾಗ ತೆಗೆದಿದ್ದಾರೆ. ಮಗುವಿನ ಮೇಲೆ ನಮಗೆ ಯಾವ ಹಕ್ಕೂ ಬೇಡ, ನೋಡೋಕೂ ಬರುವುದಿಲ್ಲ, ಆದರೆ ನೀನು ಅವಳ ಹೆಸರಲ್ಲಿ ಒಂದು ರೂಪಾಯಿಯನ್ನೂ ಕೇಳಬಾರದು, ಬಾಂಡ್ ಪೇಪರ್ ಮೇಲೆ ಬರೆದು ನೋಟರಿ ಮಾಡಿಸೋಣ ಅನ್ನುತ್ತಾರೆ. ಸಹಿ ಹಾಕಿ ಕೈತೊಳೆದುಕೋ ಅಂತ ನಮ್ಮಮ್ಮನೂ ಹೇಳುತ್ತಿದ್ದಾರೆ. ಹಾಕಲಾ?

ಶಿವಮೊಗ್ಗ_ಮಳೆ:
ಬೇಡವೇ ಬೇಡ. ಅಮ್ಮನಿಗೆ ಸಮಾಧಾನ ಹೇಳಿ.

ಕೋರ್ಟ್ ಕಟ್ಟೆ:
ಜೀವನಾಂಶ ಮಗಳ ಹಕ್ಕು, ನಿಮ್ಮದಲ್ಲ. ನಿಮ್ಮ ಪಾಲಿನದು ಬೇಡ ಅಂತ ಬೇಕಾದರೆ ನೀವು ಒಪ್ಪಿಕೊಳ್ಳಿ, ಅವಳದ್ದನ್ನು ಬಿಟ್ಟುಕೊಡೋಕೆ ನಿಮಗೆ ಅಧಿಕಾರ ಇಲ್ಲ. ಜೀವನಾಂಶದ ಬಗ್ಗೆ ಇದ್ದ ಹಳೆಯ ಸಿಆರ್‌ಪಿಸಿ (ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ) 125ನೇ ಸೆಕ್ಷನ್ ಈಗ ಅದರ ಜಾಗಕ್ಕೆ ಬಂದ ಹೊಸ ಕಾನೂನು ಬಿಎನ್‌ಎಸ್‌ಎಸ್‌ನ 144ನೇ ಸೆಕ್ಷನ್ ಆಗಿದೆ (2024ರ ಜುಲೈನಿಂದ), ಅದರಡಿ ಅಪ್ಪ ಕೊಡಲೇಬೇಕು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಂತೂ ಮದುವೆಯಾಗದ ಮಗಳು 18 ತುಂಬಿದ ಮೇಲೂ ಕೇಳಬಹುದು, ಸ್ವಂತ ಆದಾಯ ಇಲ್ಲದಿದ್ದರೆ. ಇನ್ನೊಂದು ವಿಷಯ, ನಾಳೆ ಅವರೇ ಮನಸ್ಸು ಬದಲಿಸಿ ಮಗುವನ್ನು ನೋಡಬೇಕು ಅಂತ ಅರ್ಜಿ ಹಾಕಿದರೆ ಈ ಬಾಂಡ್ ತೋರಿಸಿದ ಮಾತ್ರಕ್ಕೆ ತಡೆಯೋಕೂ ಆಗುವುದಿಲ್ಲ. ಕೋರ್ಟು ನೋಡುವುದು ಮಗುವಿಗೆ ಏನು ಒಳ್ಳೆಯದು ಅಂತ. ಸುಮ್ನೆ ನೋಟರಿ ದುಡ್ಡು ದಂಡ.

ಹಾಸನದವಳು:
ತುಂಬಾ ಥ್ಯಾಂಕ್ಸ್ ಸರ್. ಮುಂದೆ ನಾನು ಇನ್ನೊಂದು ಮದುವೆಯಾದರೆ?

ಕೋರ್ಟ್ ಕಟ್ಟೆ:
ನಿಮ್ಮ ಜೀವನಾಂಶ ನಿಲ್ಲುತ್ತದೆ, ಮಗಳದ್ದು ನಿಲ್ಲುವುದಿಲ್ಲ. ಹೊಸ ಗಂಡ ಅವಳನ್ನು ಕಾನೂನು ಪ್ರಕಾರ ದತ್ತು ತೆಗೆದುಕೊಂಡರೆ ಮಾತ್ರ ಹೆತ್ತ ತಂದೆಯ ಹೊಣೆ ಮುಗಿಯುತ್ತದೆ. ಅದಕ್ಕೂ ಸಾಮಾನ್ಯವಾಗಿ ಹೆತ್ತ ತಂದೆಯ ಒಪ್ಪಿಗೆ ಬೇಕು. ನಿಜವಾಗಿ ಹಕ್ಕು ಬಿಡುವುದು ಅಂದರೆ ಅದೇ, ಬಾಂಡ್ ಪೇಪರ್ ಅಲ್ಲ.

ಎರಡು ಮಕ್ಕಳ ತಂದೆ:
ನಾನು ಕೊಡುವ ಕಡೆಯವನು, ಅದಕ್ಕೇ ಹೇಳುತ್ತೇನೆ. ತಾಯಿಗೂ ಸಂಬಳ ಇದ್ದರೆ ಕೋರ್ಟು ಅದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ, ಎಲ್ಲಾ ಅಪ್ಪನ ತಲೆ ಮೇಲೇ ಅಂತ ಅಲ್ಲ.

ಕೋರ್ಟ್ ಕಟ್ಟೆ:
ಹೌದು, ಅದೂ ಸರಿ. ಕೇಸು ಹಾಕಿದರೆ 2020ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಇಬ್ಬರೂ ಆದಾಯ, ಆಸ್ತಿ, ಸಾಲದ ಅಫಿಡವಿಟ್ ಕೊಡಬೇಕು. ಕೇಸೇ ಬೇಡ ಅಂದರೆ ಮ್ಯೂಚುವಲ್ ಅರ್ಜಿಯಲ್ಲೇ ತಿಂಗಳಿಗೆ ಎಷ್ಟು, ವರ್ಷಕ್ಕೆ ಎಷ್ಟು ಜಾಸ್ತಿ, ಸ್ಕೂಲ್ ಫೀಸ್ ಯಾರು ಕಟ್ಟುವುದು ಎಲ್ಲಾ ಬರೆಸಿ. ನೀವು ಕೆಲಸದಲ್ಲಿ ಇದ್ದೀರಾ?