ಎಂಎಸ್‌ಡಬ್ಲ್ಯೂ ಪ್ರಾಜೆಕ್ಟ್‌ಗೂ ಎಥಿಕ್ಸ್ ಕಮಿಟಿ ಒಪ್ಪಿಗೆ ಬೇಕಾ? ಹೆಬ್ಬೆಟ್ಟು ಒತ್ತಲ್ಲ ಅಂದರೆ ಏನು ಮಾಡೋದು?

ಖಣದೂರಿನವಳು (ಗುಳೇದಗುಡ್ಡ):
ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆ ಜಿಲ್ಲೆಯ ಒಂದು ಕಾಲೇಜಿನಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಕೊನೆಯ ಸೆಮಿಸ್ಟರ್ ಓದುತ್ತಿದ್ದೇನೆ. ಖಣ ನೇಯುವ ಮನೆಗಳ ಹೆಣ್ಣುಮಕ್ಕಳ ಬೆನ್ನುನೋವು, ಗರ್ಭಕೋಶದ ಆಪರೇಷನ್, ಆಸ್ಪತ್ರೆಗೆ ಮಾಡಿದ ಸಾಲ, ಇದು ನನ್ನ ಪ್ರಾಜೆಕ್ಟ್ ವಿಷಯ. ಗೈಡ್ ಸರ್ "ಪ್ರಿನ್ಸಿಪಾಲರ ಪತ್ರ ಸಾಕು, ನೀನೇನು ರಕ್ತ ತೆಗೀತೀಯಾ?" ಅಂದರು. ಬೆಳಗಾವಿಯಲ್ಲಿ ಓದುವ ಗೆಳತಿ ಮಾತ್ರ ಎಥಿಕ್ಸ್ ಕಮಿಟಿ, ಅಂದರೆ ಅಧ್ಯಯನದಿಂದ ಅದರಲ್ಲಿ ಭಾಗವಹಿಸುವವರಿಗೆ ತೊಂದರೆ ಆಗದಂತೆ ನೋಡುವ ಸಮಿತಿಯ ಒಪ್ಪಿಗೆ ಬೇಕೇ ಬೇಕು ಅಂತಾಳೆ. ನಮ್ಮ ಕಾಲೇಜಿನಲ್ಲಿ ಅಂಥ ಕಮಿಟಿಯೇ ಇಲ್ಲ.

ಇನ್ನೊಂದು ತೊಡಕು. ಭಾಗವಹಿಸುವವರು ಸಹಿ ಇಲ್ಲವೇ ಹೆಬ್ಬೆಟ್ಟು ಹಾಕುವ ಒಪ್ಪಿಗೆ ಫಾರಂ ಅನ್ನು ಪಕ್ಕದ ಮನೆಯ ದೊಡ್ಡಮ್ಮನಿಗೆ ತೋರಿಸಿದೆ. "ಹೆಬ್ಬಟ್ಟು ಯಾಕ ಬೇಕವ್ವಾ? ಫೈನಾನ್ಸ್‌ದವರೂ ಹಿಂಗ ಒತ್ತಿಸ್ಕೊಂಡು ಹೋದ್ರು, ಈಗ ವಾರಾ ವಾರಾ ಬಾಗಲಿಗೆ ಬಂದು ಕುಂಡ್ರತಾರ. ಚಾ ಕುಡಿ, ಏನ್ ಕೇಳ್ತೀ ಕೇಳು. ಹೆಬ್ಬಟ್ಟು ಮಾತ್ರ ಕೇಳಬ್ಯಾಡ" ಅಂದಳು. ಈಗ ಏನು ಮಾಡಲಿ?

ಚಾಕ್‌ಪೀಸ್:
ನಾನೂ ಪಾಠ ಮಾಡುವವನೇ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಇದು ಮಾರ್ಕ್ಸ್‌ಗಾಗಿ ಮಾಡುವ ಪ್ರಾಜೆಕ್ಟ್, ಔಷಧಿ ಪ್ರಯೋಗ ಅಲ್ಲ. ಕಮಿಟಿ ಅಂತ ಹೊರಟರೆ ಅವರ ಮೀಟಿಂಗ್ ಯಾವಾಗಲೋ, ನಿಮ್ಮ ವೈವಾ ಯಾವಾಗಲೋ. ಹೆಸರು ಬರೆದುಕೊಳ್ಳದೆ ಕೇಳಿ, ಬರೆದು, ಬೈಂಡ್ ಮಾಡಿಸಿ, ಮುಗಿಸಿ.

ಮಾಜಿ ಪೋಸ್ಟ್‌ಮಾಸ್ಟರ್ (ವಿಜಯಪುರ):
ತಂಗಿ, ನಾನು ಡಾಕ್ಟರೂ ಅಲ್ಲ, ಪ್ರೊಫೆಸರೂ ಅಲ್ಲ. ರಿಟೈರ್ ಆದಮೇಲೆ ಇಲ್ಲಿಯ ಒಂದು ಕಾಲೇಜಿನವರು ಎಥಿಕ್ಸ್ ಕಮಿಟಿಯಲ್ಲಿ ಜನಸಾಮಾನ್ಯರ ಪರವಾಗಿ ಕೂರಿಸಿದ್ದಾರೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ಕಮಿಟಿಯಲ್ಲಿ 7ರಿಂದ 15 ಜನ ಇರಬೇಕು, ಅಧ್ಯಕ್ಷರು ಹೊರಗಿನವರಾಗಿರಬೇಕು. ವಕೀಲರು, ಸಮಾಜ ವಿಜ್ಞಾನದವರು, ನನ್ನಂಥ ಒಬ್ಬ ಸಾದಾ ಮನುಷ್ಯ ಇರಬೇಕು. ಮೊದಮೊದಲು ನನ್ನನ್ನು ಚಹಾ ಬಿಸ್ಕತ್ತಿಗೆ ಕರೆದಿದ್ದಾರೆ ಅಂದುಕೊಂಡಿದ್ದೆ.

ನಿನ್ನ ಗೈಡ್ ಕೇಳಿದ್ದು ಎಲ್ಲರೂ ಕೇಳುವ ಮಾತೇ. ರಕ್ತ ತೆಗೆಯದಿದ್ದರೂ ನೀನು ಕೇಳುವುದು ಗರ್ಭಕೋಶದ ಆಪರೇಷನ್ ಬಗ್ಗೆ, ಸಾಲದ ಬಗ್ಗೆ. ಆ ಮಾತು ಅತ್ತೆಯ ಕಿವಿಗೆ ಬಿದ್ದರೆ, ಸಾವಕಾರನಿಗೆ ಗೊತ್ತಾದರೆ, ತೊಂದರೆ ಆಗುವುದು ಯಾರಿಗೆ? ಆರೋಗ್ಯದ ಬಗೆಗಿನ ಸಾಮಾಜಿಕ ಅಧ್ಯಯನಗಳೂ ಆ ಮಾರ್ಗಸೂಚಿಯೊಳಗೇ ಬರುತ್ತವೆ. ಪ್ರಿನ್ಸಿಪಾಲರ ಪತ್ರ ನಿನಗೆ ಊರೊಳಗೆ ಹೋಗಲು ದಾರಿ ಅಷ್ಟೇ. ದೊಡ್ಡಮ್ಮನ ಒಪ್ಪಿಗೆಯನ್ನು ಪ್ರಿನ್ಸಿಪಾಲರು ಕೊಡಲು ಬರುವುದಿಲ್ಲ, ಊರ ಹಿರಿಯರೂ ಕೊಡಲು ಬರುವುದಿಲ್ಲ.

ಇನ್ನು ಹೆಬ್ಬೆಟ್ಟಿನ ವಿಷಯ. ಇದರಲ್ಲಿ ನನಗೆ ಅನುಭವ ಜಾಸ್ತಿ. ಪೆನ್ಶನ್ ಮನಿ ಆರ್ಡರ್ ಕೊಡುವಾಗ ಮಸಿ ಹಚ್ಚಿ ಒತ್ತಿಸಿ, ಓದು ಬಲ್ಲ ಒಬ್ಬರ ಸಾಕ್ಷಿ ಹಾಕಿಸುತ್ತಿದ್ದೆವು. ಅಲ್ಲಿ ಮುದುಕಿಯ ಕೈಗೆ ರೊಕ್ಕ ಬರುತ್ತಿತ್ತು. ನೀನು ಒತ್ತಿಸಿಕೊಂಡರೆ ಅವಳಿಗೆ ಏನೂ ಬರುವುದಿಲ್ಲ, ಕಾಗದ ನಿನ್ನ ಬ್ಯಾಗಿಗೆ ಹೋಗುತ್ತದೆ. ಅವಳು ಹೆದರಿದ್ದು ಸರಿಯಾಗಿಯೇ ಇದೆ. ಅದಕ್ಕೂ ದಾರಿ ಇದೆ. ಭಾಗವಹಿಸಲು ಒಪ್ಪಿ, ಸಹಿ ಅಥವಾ ಹೆಬ್ಬೆಟ್ಟಿಗೆ ಮಾತ್ರ ಒಲ್ಲೆ ಅಂದರೆ, ಕಮಿಟಿಯ ಅನುಮತಿ ಪಡೆದು ಬಾಯಿಮಾತಿನ ಒಪ್ಪಿಗೆ ತೆಗೆದುಕೊಳ್ಳಬಹುದು. ನಿನಗೆ ಸಂಬಂಧವಿಲ್ಲದ ಸಾಕ್ಷಿ ಒಬ್ಬರು ಕೂತು ಕೇಳಿ, ತಾರೀಖು ಹಾಕಿ ಸಹಿ ಮಾಡಬೇಕು. ಆಡಿಯೋ ರೆಕಾರ್ಡ್ ಮಾಡಿಯೂ ಇಡಬಹುದು. ಆದರೆ ಅದನ್ನೂ ಕೇಳಿಯೇ ಮಾಡು. ಹೆಬ್ಬೆಟ್ಟು ಒಲ್ಲದವಳು ಮೊಬೈಲ್ ನೋಡಿ ಇನ್ನೂ ಬೆದರಬಹುದು.

ಚಾಕ್‌ಪೀಸ್ ಅವರೇ, ವೈವಾ ಅವಸರ ನಮಗೂ ಗೊತ್ತು. ಆದರೆ ಕೆಲಸ ಮುಗಿಸಿ ಬಂದು ಹಿಂದಿನ ತಾರೀಖಿಗೆ ಒಪ್ಪಿಗೆ ಕೊಡಿ ಅನ್ನುವ ಹುಡುಗರು ಪ್ರತಿ ವರ್ಷ ಬರುತ್ತಾರೆ, ಕೆಲವರು ಗೈಡನ್ನೂ ಕರೆದುಕೊಂಡು. ಅದಕ್ಕೆ ಅವಕಾಶವೇ ಇಲ್ಲ.

ಬಿಳಿಕೋಟು (ಬೆಳಗಾವಿ):
ನಾನು ನರ್ಸಿಂಗ್ ಕಲಿಸುತ್ತೇನೆ. ಪೋಸ್ಟ್‌ಮಾಸ್ಟರ್ ಸರ್ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಎಲ್ಲ ಪ್ರಾಜೆಕ್ಟೂ ಪೂರ್ತಿ ಮೀಟಿಂಗ್‌ಗೆ ಹೋಗುವುದಿಲ್ಲ. ತೊಂದರೆಯ ಸಂಭವ ತೀರಾ ಕಡಿಮೆ ಇದ್ದರೆ ವಿನಾಯಿತಿ ಸಿಗಬಹುದು, ಇಲ್ಲವೇ ತ್ವರಿತ ಪರಿಶೀಲನೆ ಆಗಬಹುದು. ಯಾವುದು ಅಂತ ಕಮಿಟಿ ಹೇಳಬೇಕು, ನಾವೇ ಹೇಳಿಕೊಳ್ಳುವ ಹಾಗಿಲ್ಲ. ನಿಮ್ಮಲ್ಲಿ ಕಮಿಟಿ ಇಲ್ಲದಿದ್ದರೆ ಒಪ್ಪಂದ ಮಾಡಿಕೊಂಡು ಬೇರೆ ಸಂಸ್ಥೆಯ ಕಮಿಟಿಗೆ ಕಳಿಸಬಹುದು. ಗೈಡ್ ಮೂಲಕವೇ ಅರ್ಜಿ ಹಾಕಿ, ಶುಲ್ಕ ಎಷ್ಟು ಅಂತ ಮೊದಲೇ ಕೇಳಿ.

ದೊಡ್ಡವರ ಸಹಿಯ ಬಗ್ಗೆ ಒಂದು ಮಾತು. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಎಚ್‌ಪಿವಿ ಲಸಿಕೆಯ (ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ) ಅಧ್ಯಯನ ನಡೆದಾಗ ಹಾಸ್ಟೆಲ್ ಹುಡುಗಿಯರ ಎಷ್ಟೋ ಫಾರಂಗಳಿಗೆ ವಾರ್ಡನ್‌ಗಳೇ ಸಹಿ ಹಾಕಿದ್ದರು. ಲಸಿಕೆ ಒಳ್ಳೆಯದೇ, ತಪ್ಪಿದ್ದು ಒಪ್ಪಿಗೆ. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಇದನ್ನು ಕಟುವಾಗಿ ಟೀಕಿಸಿತು. ಮಗ್ಗದ ಮನೆಗಳಲ್ಲಿ 18 ತುಂಬದ ಹುಡುಗಿಯರೂ ಇರುತ್ತಾರೆ. ಅವರನ್ನು ಸೇರಿಸುವುದಾದರೆ ತಂದೆ ಅಥವಾ ತಾಯಿಯ ಒಪ್ಪಿಗೆ ಬೇಕು, ಜೊತೆಗೆ ಹುಡುಗಿಯೂ ಹೂಂ ಅನ್ನಬೇಕು. ಈ ಸಲ 18 ದಾಟಿದವರನ್ನಷ್ಟೇ ಇಟ್ಟುಕೊಳ್ಳಿ ಅಂತ ನನ್ನ ಸಲಹೆ.

ಹೆಸರಿನ ಪಟ್ಟಿ ಮತ್ತು ಉತ್ತರದ ಹಾಳೆ ಒಂದೇ ಫೈಲಿನಲ್ಲಿ ಬೇಡ. ಹಾಳೆಯ ಮೇಲೆ ನಂಬರ್ ಮಾತ್ರ ಇರಲಿ.

ಚಾಕ್‌ಪೀಸ್:
ಬಾಯಿಮಾತಿನ ಒಪ್ಪಿಗೆ ನಡೆಯುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಆದರೂ ಒಂದು ಮಾತು. ಕಮಿಟಿ ಇಲ್ಲದ ಕಾಲೇಜಿನ ಹುಡುಗರು ಊರೂರು ಅಲೆಯಬೇಕು ಅನ್ನುವುದು ನ್ಯಾಯ ಅಲ್ಲ. ಇದನ್ನು ಯೂನಿವರ್ಸಿಟಿಯವರು ನೋಡಿಕೊಳ್ಳಬೇಕು.

ಮಾಜಿ ಪೋಸ್ಟ್‌ಮಾಸ್ಟರ್ (ವಿಜಯಪುರ):
ಅದಕ್ಕೆ ನನ್ನದೂ ಸಹಿ ಇದೆ.

ಖಣದೂರಿನವಳು (ಗುಳೇದಗುಡ್ಡ):
ತುಂಬಾ ಥ್ಯಾಂಕ್ಸ್. ಗೈಡ್ ಸರ್‌ಗೆ ಇದನ್ನೆಲ್ಲ ತೋರಿಸಿದೆ. ಗೊಣಗಿದರು, ಆದರೆ ಅರ್ಜಿ ತಯಾರು ಮಾಡು ಅಂದರು. ಸರ್, ಸಾಕ್ಷಿಗೆ ಯಾರನ್ನು ಕರೆಯಲಿ? ನಮ್ಮ ಓಣಿಯಲ್ಲಿ ಓದು ಬಲ್ಲವರು ಅಂದರೆ ಸಾವಕಾರರ ಮಗ, ಇಲ್ಲವೇ ಆಶಾ ಅಕ್ಕ.

ಮಾಜಿ ಪೋಸ್ಟ್‌ಮಾಸ್ಟರ್ (ವಿಜಯಪುರ):
ಸಾವಕಾರರ ಮಗ ಬೇಡವೇ ಬೇಡ. ನೂಲು ಕೊಡುವ ಮನೆಯವನು ಎದುರಿಗೆ ಕೂತರೆ ಯಾರು ಒಲ್ಲೆ ಅಂದಾರು? ಆಶಾ ಅಕ್ಕನಿಗೆ ಊರವರ ಕಾಯಿಲೆ ಎಲ್ಲ ಗೊತ್ತಿರುತ್ತದೆ. ಆದರೂ ಅವಳ ಮುಂದೆ ಮಾತಾಡಲು ಇಷ್ಟವೇ ಅಂತ ದೊಡ್ಡಮ್ಮನನ್ನೇ ಕೇಳು. ಒಪ್ಪಿಗೆ ಹೇಳುವಷ್ಟು ಹೊತ್ತು ಸಾಕ್ಷಿ ಕೂತರೆ ಸಾಕು, ಪ್ರಶ್ನೆ ಶುರುವಾದ ಮೇಲೆ ಎದ್ದು ಹೋಗಲಿ. ಅರ್ಜಿಯಲ್ಲಿ ಇದನ್ನೂ ಬರೆ.